ಬಲಗಡೆಯ ಎಸಳು

ಅಕ್ಕ, ಆ ದಿನ ನಮ್ಮೂರ ಗುಡಿಯಲ್ಲಿ ನಿನಗೆ ಬಲಗಡೆ ಪ್ರಸಾದ ಕೊಟ್ಟವನು ದೇವರಲ್ಲ, ನಾನು. ಎಡಗಡೆಯ ಎಸಳು ಬೀಳದಿರಲಿ ಎಂದು ಅದರ ಬೆನ್ನಿಗೆ ಗಂಧ ಸವರಿ ಅಂಟಿಸಿದ್ದೆ. ಇನ್ನು ಬಲಗಡೆಯದು ಬೀಳದೆ ಏನು ಮಾಡೀತು?

ಇಷ್ಟೇ ವಿಷಯ. ಉಸಿರು ಬಿಡುವಷ್ಟರಲ್ಲಿ ಹೇಳಿ ಮುಗಿಸಬಹುದಾದ ಮಾತು. ಇದನ್ನು ಹೇಳದೆ ನಾನು ಹತ್ತು ಹನ್ನೆರಡು ವರ್ಷ ನೀನು ಬಡಿಸಿದ ಅನ್ನ ಉಂಡಿದ್ದೇನೆ. ಅದೇ ಬಾಯಿಂದ ಅರಸೀಕೆರೆಯ ಹೈಸ್ಕೂಲಿನಲ್ಲಿ ಹುಡುಗರಿಗೆ ಪಾಠ ಹೇಳಿದ್ದೇನೆ — ಪ್ರಯೋಗದಲ್ಲಿ ಕೈಯಾಡಿಸಿ ತನಗೆ ಬೇಕಾದ ಉತ್ತರ ತರಿಸಿಕೊಂಡವನು ವಿಜ್ಞಾನ ಓದಿದವನಲ್ಲ, ಕಳ್ಳ, ಎಂದು. ಹಾಗೆ ಹೇಳುವಾಗ ನನ್ನ ನಾಲಿಗೆ ಒಮ್ಮೆಯಾದರೂ ತೊದಲಬೇಕಿತ್ತು, ತೊದಲಲಿಲ್ಲ.

ನಿನಗೆ ಗೊತ್ತಿರುವುದನ್ನೂ ಸೇರಿಸಿಯೇ ಮೊದಲಿನಿಂದ ಬರೆಯುತ್ತೇನೆ. ಇಲ್ಲದಿದ್ದರೆ ನನಗೆ ಬೇಕಾದಷ್ಟನ್ನು ಹೇಳಿ ಬೇಡದ್ದನ್ನು ನುಂಗಿಬಿಡುತ್ತೇನೆ. ಆ ಕಲೆ ನನಗೆ ಚೆನ್ನಾಗಿ ಬರುತ್ತದೆ.

ಆ ವರ್ಷ ಭಾವ ಬೇಲೂರಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಊಟ ಮುಗಿದ ಸ್ವಲ್ಪ ಹೊತ್ತಿಗೆಲ್ಲ ದಿಂಬನ್ನು ಹೊಟ್ಟೆಗೆ ಒತ್ತಿಕೊಂಡು ಮುಂದಕ್ಕೆ ಬಾಗಿ ಕೂತುಬಿಡುತ್ತಿದ್ದರು. ಆಗಲೂ ಅವರಿಗೆ ತಮಾಷೆಯೇ. “ಹೊಟ್ಟೆಯೊಳಗೂ ಒಂದು ಕಚೇರಿ ತೆಗೆದಿದಾರೆ ಕಣಯ್ಯ ಶೇಷು, ಅದಕ್ಕೆ ಭಾನುವಾರಾನೂ ರಜ ಇಲ್ಲ” ಅನ್ನುತ್ತಿದ್ದರು. ಹಾಸನಕ್ಕೆ ಕರೆದುಕೊಂಡು ಹೋಗಿ ತೋರಿಸಿದವನು ನಾನೇ. ಹೊಟ್ಟೆಯಲ್ಲಿ ಹುಣ್ಣಾಗಿದೆ, ಆಪರೇಷನ್ ಮಾಡಿಸಿಬಿಡಿ, ಹಾಗೇ ಬಿಟ್ಟರೆ ಒಂದು ದಿನ ಒಳಗೇ ಒಡೆದುಕೊಳ್ಳುತ್ತೆ ಅಂದರು ಡಾಕ್ಟರು. ಭಾವ ಎಂದಿನಂತೆ “ಆಗಲಿ” ಅಂದರು. ಅವರು ಯಾರಿಗೆ ತಾನೇ ಆಗುವುದಿಲ್ಲ ಅಂದಿದ್ದರು?

ಆಗುವುದಿಲ್ಲ ಅಂದವಳು ನೀನು.

“ಸ್ವಾಮಿನ ಒಂದು ಮಾತು ಕೇಳದೆ ಅವರನ್ನ ಕತ್ತಿ ಕೆಳಗೆ ಮಲಗಿಸಲ್ಲ ಕಣೋ.”

ನಾನು ಆಗಷ್ಟೇ ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಮೇಷ್ಟರಾಗಿದ್ದವನು. ತಲೆಯ ತುಂಬ ಬಿಸಿ. ಡಾಕ್ಟರು ಹೇಳಿಯಾದ ಮೇಲೆ ಕಲ್ಲನ್ನು ಏನು ಕೇಳುವುದು ಎಂದು ನಿನ್ನ ಅಡುಗೆಮನೆಯ ಬಾಗಿಲಲ್ಲಿ ನಿಂತು ಭಾಷಣ ಬಿಗಿದೆ. ನೀನು ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. ನಾನು ಉಸಿರು ತೆಗೆದುಕೊಳ್ಳಲು ಸುಮ್ಮನಾದಾಗ, “ಬಿಸಿ ಇದೆ, ತಿನ್ನು” ಅಂದೆ ನೀನು, ಅಷ್ಟೆ.

ದೀಪಾವಳಿ ರಜಕ್ಕೆ ನಾವೆಲ್ಲ ಊರಿಗೆ ಹೋದೆವು. ಹಗರೆಯಿಂದ ಹಳೇಬೀಡಿನ ದಾರಿಯಲ್ಲಿ ಬಸ್ಸಿಳಿದು, ಗದ್ದೆಬದುವಿನ ಮೇಲೆ ಭಾವ ನಿಂತು ನಿಂತು ನಡೆದರು. ಅಪ್ಪ ಆಗಲೂ ಗುಡಿಯ ಪೂಜೆ ಬಿಟ್ಟಿರಲಿಲ್ಲ, ಆದರೆ ಕೈ ನಡುಗಲು ಶುರುವಾಗಿತ್ತು.

ಹೂ ಕೇಳುವುದರಲ್ಲಿ ಅಪ್ಪನದು ಎಂಥ ಕಟ್ಟುನಿಟ್ಟು ಎನ್ನುವುದು ನಿನಗೂ ಗೊತ್ತು. ಬೆಳಗಿನ ಪೂಜೆಯ ಗಂಧ ವಿಗ್ರಹದ ಎದೆಯ ಮೇಲೆ ಉಳಿಯಬಾರದು, ಒದ್ದೆ ಬಟ್ಟೆಯಲ್ಲಿ ಎರಡೂ ಕಡೆ ಒಂದೇ ಸಮ ಒರೆಸಬೇಕು. ಒಂದೇ ಹೂವಿನ ಎರಡು ಕಣಗಿಲೆ ಎಸಳು, ಬರೀ ನೀರಲ್ಲಿ ಅದ್ದಿ ದೇವರ ಬಲಕ್ಕೊಂದು ಎಡಕ್ಕೊಂದು ಅಂಟಿಸಬೇಕು. ಆಮೇಲೆ ಯಾರೂ ಹತ್ತಿರ ಸುಳಿಯಬಾರದು, ಜೋರಾಗಿ ಉಸಿರು ಬಿಡಲೂಬಾರದು. ಬಲಗಡೆಯದು ಮೊದಲು ಬಿದ್ದರೆ ಆಗುತ್ತದೆ, ಎಡಗಡೆಯದು ಬಿದ್ದರೆ ಆಗುವುದಿಲ್ಲ. “ಒಂದು ಕಡೆ ಜಿಡ್ಡು ಉಳಿದ್ರೆ ಅದು ಅವನ ಮಾತಲ್ಲ, ನಮ್ಮ ಕೊಳೆಯ ಮಾತು” ಎನ್ನುತ್ತಿದ್ದರು. ನಾನು ನಗುತ್ತಿದ್ದೆ. ಒದ್ದೆ ಎಸಳು ಒಣಗಿ ಬೀಳುತ್ತೆ ಅಪ್ಪ, ಅದನ್ನೇ ಪುರಾವೆ ಅಂದುಕೊಂಡರೆ ಹೇಗೆ ಅಂದರೆ ಅವರಿಗೆ ಕೋಪವೂ ಬರುತ್ತಿರಲಿಲ್ಲ. “ಒಣಗೇ ಬೀಳಲಿ. ಯಾವುದು ಮೊದಲು ಅನ್ನೋದನ್ನ ಹೇಳೋನು ಯಾರು?” ಎಂದು ಕೇಳಿ, ಪಂಚೆ ಎತ್ತಿ ಕಟ್ಟಿಕೊಂಡು ಹೋಗಿಬಿಡುತ್ತಿದ್ದರು.

ಆ ಬೆಳಿಗ್ಗೆ ನಾನು ನೀರು ಹೊಯ್ದುಕೊಳ್ಳಲು ಬಾವಿಕಟ್ಟೆಗೆ ಹೊರಟಾಗ ಅಪ್ಪ ತಡೆದು ನಿಲ್ಲಿಸಿದರು. “ನನ್ನ ಕೈ ನಡುಗುತ್ತೆ. ಎಸಳು ನೀನೇ ತೊಳೆದು ಅಂಟಿಸು” ಅಂದರು. ವರ್ಷಗಟ್ಟಲೆ ಸಂಧ್ಯಾವಂದನೆ ಮಾಡದ ಮಗ, ಊರಿಗೆ ಬಂದಾಗ ಮಾತ್ರ ಜನಿವಾರ ಹುಡುಕುವ ಮಗ — ಅವನನ್ನೇ ಕರೆದು ಗರ್ಭಗುಡಿಯೊಳಕ್ಕೆ ಬಿಟ್ಟರು. ನಾನು ನಂಬುವುದಿಲ್ಲ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನಂಬದವನು ಮೋಸ ಮಾಡಿಯಾನು ಎಂದು ಮಾತ್ರ ಅವರಿಗೆ ಹೊಳೆಯಲಿಲ್ಲ.

ಒಳಗೆ ಹೋಗುವಾಗ ನಾನು ಏನನ್ನೂ ನಿಶ್ಚಯ ಮಾಡಿರಲಿಲ್ಲ ಎಂದು ಬರೆಯಬೇಕೆನಿಸುತ್ತದೆ. ಸುಳ್ಳು. ಸ್ನಾನ ಮಾಡುವಾಗಲೇ ನಿಶ್ಚಯವಾಗಿತ್ತು. ಎಡಗಡೆಯದು ಬಿದ್ದರೆ ನೀನು ಭಾವನನ್ನು ಆಸ್ಪತ್ರೆಗೆ ಕಳಿಸುವುದಿಲ್ಲ, ಭಾವ ಸಾಯುತ್ತಾರೆ — ಒಂದು ಎಸಳಿಗೆ ಅಷ್ಟು ಅಧಿಕಾರ ಬಿಡುವುದುಂಟೇ ಎಂದು ನನ್ನ ಮಟ್ಟಿಗೆ ತೀರ್ಮಾನಿಸಿಬಿಟ್ಟಿದ್ದೆ. ಸಾಣೆಕಲ್ಲಿನ ಪಕ್ಕದ ಬಟ್ಟಲಲ್ಲಿ ಗಂಧ ಇತ್ತು. ಒಂದು ಎಸಳಿನ ಬೆನ್ನಿಗೆ ತೆಳ್ಳಗೆ ಸವರಿ ಎಡಗಡೆ ಒತ್ತಿದೆ. ಇನ್ನೊಂದನ್ನು ಬರೀ ನೀರಲ್ಲಿ ಅದ್ದಿ ಬಲಗಡೆ ಇಟ್ಟೆ. ಕೈ ನಡುಗಲಿಲ್ಲ. ಅಪ್ಪನ ಕೈಯಾಗಿದ್ದರೆ ನಡುಗುತ್ತಿತ್ತು.

ಹೊರಗೆ ನವರಂಗದಲ್ಲಿ ನೀನು ಕಣ್ಣು ಮುಚ್ಚಿ ಕೂತಿದ್ದೆ. ಅಪ್ಪ ಎಲ್ಲರಿಗೂ ಹೇಳುವುದನ್ನೇ ನಿನಗೂ ಹೇಳಿದರು: “ಒಳ್ಳೇದನ್ನ ಬಲಕ್ಕೆ ಇಟ್ಕೊಂಡು ಮನಸ್ಸಲ್ಲೇ ಕೇಳ್ಕೋ ಸೀತೆ. ಫಲ ಕೈಸೇರೋವರೆಗೂ ಯಾರಿಗೂ ಹೇಳಬೇಡ.” ಈ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಆ ದಿನವೂ ಕೇಳಿದೆ. ಕೇಳಿಯೂ —

ಎಸಳು ಬಿತ್ತು. ಬಲಗಡೆಯದೇ. ಅಪ್ಪ ಗಂಟೆ ಬಾರಿಸಿದರು. ನೀನು ಅಳುತ್ತ ನಗುತ್ತ ಆ ಎಸಳನ್ನು ಸೆರಗಿನ ತುದಿಗೆ ಕಟ್ಟಿಕೊಂಡೆ. ಭಾವ ಕಂಬಕ್ಕೊರಗಿ ಕೂತವರು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು — ಸದ್ಯ, ನಿಮ್ಮಕ್ಕನಿಗೆ ಸಮಾಧಾನವಾಯಿತಲ್ಲ, ಎನ್ನುವ ಹಾಗೆ. ನಾನು ಮತ್ತೆ ಒಳಗೆ ಹೋಗಿ ಎಡಗಡೆಯ ಎಸಳನ್ನು ಉಗುರಿನಿಂದ ಕೆರೆದು ತೆಗೆದೆ.

ಮಧ್ಯಾಹ್ನದ ಬಸ್ಸಿಗೆ ಹೊರಡುವಾಗ, “ಇನ್ನೇನೂ ಯೋಚನೆ ಇಲ್ಲ ತಾನೇ?” ಎಂದು ಕೇಳಿದೆ. “ಸ್ವಾಮಿ ಕೊಟ್ಟಮೇಲೆ ಇನ್ನೇನು ಯೋಚನೆ” ಅಂದೆ ನೀನು. ಬಸ್ಸಿನಲ್ಲಿ ಕೂತು ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಮೂಢನಂಬಿಕೆಯನ್ನು ಮೂಢನಂಬಿಕೆಯಿಂದಲೇ ಗೆದ್ದ ಜಾಣ ಎಂದುಕೊಂಡೆ. ಹಾಸನಕ್ಕೆ ಯಾವಾಗ ಹೋದಿರಿ ಎಂದು ಕೇಳಿ ಒಂದು ಕಾಗದ ಹಾಕಬಹುದಿತ್ತು. ಹಾಕಲಿಲ್ಲ. ದೇವರ ಮೇಲೆ ಅಷ್ಟು ಭರವಸೆ ಇಟ್ಟು ಸುಮ್ಮನೆ ಕೂತವನು ನಾನೊಬ್ಬನೇ ಇರಬೇಕು!

ಸಂಕ್ರಾಂತಿಗೆ ಮುಂಚೆ ಸ್ಕೂಲಿಗೆ ತಂತಿ ಬಂತು. ಬೇಲೂರಿನ ಮನೆಯ ಜಗುಲಿಯ ಮೇಲೆ ಭಾವನನ್ನು ಮಲಗಿಸಿದ್ದರು. ಹೊಟ್ಟೆಯೊಳಗೆ ಒಡೆದುಕೊಂಡು, ಗಾಡಿ ಗೊತ್ತು ಮಾಡುವಷ್ಟರಲ್ಲಿ ಹೋಗಿಬಿಟ್ಟಿದ್ದರಂತೆ. ನನಗೆ ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ಹೆಣದ ಮುಂದೆಯೇ ನಿನ್ನ ರಟ್ಟೆ ಹಿಡಿದು ಅಲ್ಲಾಡಿಸಿದೆ. ಬಲಗಡೆ ಕೊಟ್ಟಿದ್ದನಲ್ಲ, ಯಾಕೆ ಕರೆದುಕೊಂಡು ಹೋಗಲಿಲ್ಲ ಎಂದು ಕೂಗಿದೆ.

ನೀನು ನನ್ನ ಮುಖವನ್ನೇ ನೋಡಿದೆ. ನಾನು ಏನು ಕೇಳುತ್ತಿದ್ದೇನೆಂದೇ ನಿನಗೆ ತಿಳಿಯಲಿಲ್ಲ.

“ಬಲಗಡೆ ಕೊಟ್ಟ ಕಣೋ. ಅದಕ್ಕೇ ಕರ್ಕೊಂಡು ಹೋಗ್ಲಿಲ್ಲ.”

ಆಮೇಲೆ ನೀನೇ ಬಿಡಿಸಿ ಹೇಳಿದೆ. ಮಾಂಗಲ್ಯ ಕಟ್ಟಿದವನನ್ನು ಕತ್ತಿಗೆ ಕೊಡಲೇ ಎಂದು ದೇವರ ಎದುರು ಯಾವ ಬಾಯಲ್ಲಿ ಕೇಳುವುದು, ಅದು ಅಶುಭವಲ್ಲವೇ? ನೀನು ಕೇಳಿದ್ದು ಬೇರೆ — ಕತ್ತಿ ತಾಗಿಸದೆ ನನ್ನ ಗಂಡನನ್ನು ಉಳಿಸಿಕೊಡುತ್ತೀಯಾ ಸ್ವಾಮಿ, ಎಂದು. ಒಳ್ಳೆಯದನ್ನು ಬಲಕ್ಕೆ ಇಟ್ಟುಕೋ ಅಂದಿದ್ದರಲ್ಲ ಅಪ್ಪ. ನೀನು ನಿನ್ನ ಒಳ್ಳೆಯದನ್ನು ಬಲಕ್ಕೆ ಇಟ್ಟಿದ್ದೆ. ನನ್ನ ಲೆಕ್ಕದಲ್ಲಿ ಆಪರೇಷನ್ನೇ ಒಳ್ಳೆಯದು, ಆದ್ದರಿಂದ ನೀನೂ ಅದನ್ನೇ ಬಲಕ್ಕೆ ಇಟ್ಟಿರುತ್ತೀಯ ಎಂದುಕೊಂಡೆ. ಅಂದುಕೊಂಡದ್ದಲ್ಲ, ಅಕ್ಕ — ಅದು ಬೇರೆ ಥರ ಇರಬಹುದೆಂಬ ಯೋಚನೆಯೇ ನನಗೆ ಬರಲಿಲ್ಲ. ಅರ್ಚಕರ ಮನೆಯಲ್ಲಿ ಹುಟ್ಟಿ ಬೆಳೆದವನು ನಾನು. ಹೆಂಗಸರು ಗಂಡನ ವಿಷಯದಲ್ಲಿ ಏನನ್ನು ಬಲಕ್ಕೆ ಇಡುತ್ತಾರೆ ಎಂದು ಊರಿನ ಯಾವ ಮುದುಕಿಯನ್ನು ಕೇಳಿದ್ದರೂ ಹೇಳುತ್ತಿದ್ದಳು.

ಆಗಲೇ ಹೇಳಬೇಕಿತ್ತು. ಅಲ್ಲೇ, ಆ ಜಗುಲಿಯ ಮೇಲೆ. ಹೇಳಲಿಲ್ಲ. ಯಾರೋ ಬಂದು ನಿನ್ನನ್ನು ಒಳಗೆ ಕರೆದುಕೊಂಡು ಹೋದರು.

ಇಷ್ಟೇ ಆಗಿದ್ದರೆ ಒಂದು ಮೂರ್ಖತನ ಅನ್ನಬಹುದಿತ್ತು. ನಾನು ಪಾಪಿಯಾದದ್ದು ಆಮೇಲೆ. ಊರಲ್ಲಿ ಕರ್ಮಾಂತರ ಮುಗಿದು ನೆಂಟರೆಲ್ಲ ಹೋದ ಮೇಲೆ ಅಪ್ಪ ನನ್ನನ್ನು ಗುಡಿಯ ಹಿಂದಕ್ಕೆ ಕರೆದರು. ಅಲ್ಲಿ ಕೇಳಿದರು.

“ಎಸಳು ಬರೀ ನೀರಲ್ಲೇ ತೊಳೆದಿದ್ದೆ ತಾನೇ?”

“ಹೂಂ” ಅಂದೆ.

ಅವರು ಎರಡನೇ ಸಲ ಕೇಳಲಿಲ್ಲ. ಜೀವಮಾನವೆಲ್ಲ ಕಲ್ಲಿನ ಮೇಲಿನ ಜಿಡ್ಡು ಒರೆಸಿ ಒರೆಸಿ ದೇವರ ಮಾತನ್ನು ಪರೀಕ್ಷೆ ಮಾಡುತ್ತಿದ್ದ ಮನುಷ್ಯ ಮಗನ ಮಾತನ್ನು ಪರೀಕ್ಷೆ ಮಾಡಲಿಲ್ಲ. “ಹಾಗಾದ್ರೆ ಅವನೇ ಹೇಳಿದ್ದು” ಅಂದರು. ಅಷ್ಟು ಹೇಳಿ ಒಳಗೆ ಹೋದವರು ಆಮೇಲೆ ಯಾರಿಗೂ ಹೂ ಕೇಳಿಕೊಡಲಿಲ್ಲ. ಜನ ಬಂದರೆ, ಬೇರೆ ಕಡೆ ಹೋಗ್ರಪ್ಪ ಎಂದು ಕೈ ಮುಗಿಯುತ್ತಿದ್ದರು. ಪೂಜೆ ಬಿಡಲಿಲ್ಲ. ಆದರೆ ಮಂತ್ರ ಹೇಳುವ ದನಿ ಹೋಯಿತು, ಬರೀ ತುಟಿ ಆಡುತ್ತಿತ್ತು. ಮಾರನೆಯ ವರ್ಷ ಹೋಗಿಯೂಬಿಟ್ಟರು. ಸಾಯುವಾಗ ಅವರ ಮನಸ್ಸಿನಲ್ಲಿ ಏನಿತ್ತೋ ನನಗೆ ತಿಳಿಯದು. ಸುಳ್ಳು ಹೇಳಿದ ದೇವರೊಬ್ಬ ಇದ್ದನೇ — ಅಥವಾ ಯಾರೂ ಇರಲಿಲ್ಲವೇ? ನಾನು ಒಂದು ಮಾತು ಹೇಳಿದ್ದರೆ ಅವರು ತಮ್ಮ ದೇವರನ್ನು ಇಟ್ಟುಕೊಂಡು ಸಾಯಬಹುದಿತ್ತು. ಮಗನನ್ನು ಕಳೆದುಕೊಳ್ಳುತ್ತಿದ್ದರು, ನಿಜ. ಯಾವುದು ಮೇಲು ಎಂದು ಅವರನ್ನೇ ಕೇಳಬೇಕಿತ್ತು. ಅವರ ಪರವಾಗಿ ನಾನೇ ತೀರ್ಮಾನಿಸಿದೆ.

ಊರವರಿಗೆ ಇಷ್ಟೆಲ್ಲ ತೊಂದರೆಯಾಗಲಿಲ್ಲ. ಗುಡಿಯ ಗದ್ದೆ ಮಾಡುತ್ತಿದ್ದ ಬೋರೇಗೌಡ ಅರಳಿಕಟ್ಟೆಯಲ್ಲಿ ಹೇಳಿದನಂತೆ. “ನಮ್ ಸ್ವಾಮಿ ಸುಳ್ಳು ಹೇಳಾಕಿಲ್ಲ ಕಣ್ಲಾ. ಕೇಳ್ದೋರ ಮನ್ಸಾಗೇ ಏನೋ ಐಬು ಐತೆ.” ಕೆಟ್ಟ ಮನುಷ್ಯನಲ್ಲ ಬೋರೇಗೌಡ. ಕರ್ಮಾಂತರಕ್ಕೆ ಹೊರೆ ಸೌದೆ ತಂದು ಹಾಕಿ, ದುಡ್ಡು ಮುಟ್ಟದೆ ಹೋದವನು. ಅವನ ದೇವರು ಉಳಿಯಬೇಕಾದರೆ ಯಾರಾದರೂ ತಪ್ಪು ಮಾಡಿರಲೇಬೇಕಿತ್ತು. ಆ ತಪ್ಪು ನಿನ್ನ ತಲೆಗೆ ಬಂತು. ನೀನು ಅದನ್ನು ತೆಗೆದು ಎಸೆಯಲಿಲ್ಲ, ಹೊತ್ತುಕೊಂಡೆ.

ನಾನು ನಿನ್ನನ್ನು ಅರಸೀಕೆರೆಗೆ ಕರೆತಂದೆ. ತಮ್ಮ ಅಂದರೆ ಹೀಗಿರಬೇಕು ಎಂದು ಬೀದಿಯವರೆಲ್ಲ ಹೊಗಳಿದರು. ಮುಂದೆ ನನ್ನ ಮದುವೆಯಾಯಿತು, ಮಕ್ಕಳಾದವು, ಅವನ್ನು ನೀನೇ ಎತ್ತಿ ಆಡಿಸಿದೆ. ಆದರೆ ಈ ಮನೆಯ ದೇವರ ಕೋಣೆಯ ಹೊಸಿಲನ್ನು ನೀನು ಇಂದಿಗೂ ದಾಟಿಲ್ಲ. ಆಚೆ ನಿಂತು ಕೈ ಮುಗಿಯುತ್ತೀಯ. ಮಕ್ಕಳಿಗೆ ಜ್ವರ ಬಂದಾಗಲೂ ನನ್ನ ಹೆಂಡತಿಗೇ, “ನೀನು ಬೇಡ್ಕೋ ತಾಯಿ, ನಾನು ಬೇಡ್ಕೊಂಡ್ರೆ ತಿರುಗಾಮುರುಗಾ ಆಗುತ್ತೆ” ಅನ್ನುತ್ತೀಯ. ಒಪ್ಪತ್ತು ಊಟ, ವಾರಕ್ಕೊಂದು ಉಪವಾಸ — ಯಾವ ಪಾಪಕ್ಕೆ ಎಂದು ಒಮ್ಮೆ ಅವಳು ಕೇಳಿದಾಗ ನೀನು ಹೇಳಿದ್ದು ನನಗೆ ಪಡಸಾಲೆಯವರೆಗೂ ಕೇಳಿಸಿತು. ದೇವರು ಉಳಿಸುತ್ತೀನಿ ಅಂದಿದ್ದ, ನನ್ನಲ್ಲೇ ನಂಬಿಕೆ ಸಾಲದೆ ಅವರು ಹೋದರು, ಅಂದೆ. ನಾನು ಕೈಯಲ್ಲಿದ್ದ ಪೇಪರಿನ ಹಾಳೆ ತಿರುವಿದೆ.

ಇನ್ನೂ ಒಂದಿದೆ. ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ಸ್ಕೂಲಿನಲ್ಲಿ ನಮ್ಮ ಕನ್ನಡ ಪಂಡಿತರಿಗೂ ನನಗೂ ದೇವರ ವಿಷಯದಲ್ಲಿ ದಿನವೂ ಜಗಳ. ನಂಬಿಕೆಗೆ ಸಾಕ್ಷಿ ಬೇಕಿಲ್ಲ ಎನ್ನುವುದು ಅವರ ವಾದ. ಸಾಕ್ಷಿ ಇಲ್ಲದ ನಂಬಿಕೆ ಕುರುಡು ಎನ್ನುವುದು ನನ್ನದು. ಒಂದು ದಿನ ಅವರು ಬಿಗಿಯಾಗಿ ಹಿಡಿದಾಗ ನಾನು ಭಾವನ ಕಥೆ ಹೇಳಿದೆ. ನನ್ನ ಸ್ವಂತ ಭಾವ, ಪಂಡಿತರೇ. ದೇವರು ಬಲಗಡೆ ಕೊಟ್ಟ, ಮನುಷ್ಯ ಸತ್ತ. ಇದಕ್ಕಿಂತ ಸಾಕ್ಷಿ ಬೇಕೇ? ಪಂಡಿತರು ತಲೆ ತಗ್ಗಿಸಿದರು. ಎಲ್ಲರೂ ನನ್ನ ಕಡೆಗಾದರು. ನನ್ನ ಕೈಯಾರೆ ಮಾಡಿದ ಖೋಟಾ ಸಾಕ್ಷಿಯನ್ನು, ಅಕ್ಕ, ದೇವರ ಮೇಲೆಯೇ ಹೂಡಿ ಗೆದ್ದೆ. ಒಂದು ಸಲವಲ್ಲ. ಅದರ ರುಚಿ ಹತ್ತಿದ ಮೇಲೆ ಎಷ್ಟೋ ಸಲ.

ಗೆದ್ದು ಮನೆಗೆ ಬರುವ ದಾರಿಯಲ್ಲಿ ಒಂದು ಪ್ರಶ್ನೆ ಏಳುತ್ತಿತ್ತು, ಇಂದಿಗೂ ಏಳುತ್ತದೆ. ನಾನು ಮುಟ್ಟದೇ ಇದ್ದಿದ್ದರೆ ಅವತ್ತು ಯಾವ ಎಸಳು ಬೀಳುತ್ತಿತ್ತು? ನನ್ನ ಮಟ್ಟಿಗೆ ಇದು ಪ್ರಶ್ನೆಯೇ ಅಲ್ಲ, ಒದ್ದೆ ಎಸಳಿಗೆ ಮನಸ್ಸಿಲ್ಲ. ಆದರೆ ಎಡಗಡೆಯದು ಬಿದ್ದಿದ್ದರೆ ನೀನು ಮಾರನೆಯ ದಿನವೇ ಭಾವನನ್ನು ಹಾಸನಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ದೇವರು ಇದ್ದಿದ್ದರೆ ಎಡಗಡೆಯೇ ಕೊಡುತ್ತಿದ್ದನೋ ಏನೋ. ಇಲ್ಲದಿದ್ದರೂ ಅರ್ಧಕ್ಕರ್ಧ ಅವಕಾಶವಿತ್ತು. ಆ ಅರ್ಧವನ್ನೂ ನಾನು ಗಂಧ ಹಚ್ಚಿ ಮುಚ್ಚಿದೆ. ಇಲ್ಲ ಇಲ್ಲ ಎಂದು ನಾನೇ ಸಾರುತ್ತಿದ್ದ ದೇವರ ಬಾಯಿಗೆ ಕೈ ಅಡ್ಡ ಹಿಡಿಯುವ ಅಗತ್ಯ ನನಗೇನಿತ್ತು?

ಇಷ್ಟು ವರ್ಷ ಹೇಳದ್ದನ್ನು ಈಗ ಯಾಕೆ ಹೇಳುತ್ತೀಯ ಎನ್ನುವೆ. ನಿನ್ನೆ ಹಾಸನದಿಂದ ಬರುವಾಗ ಬಸ್ಸಿನಲ್ಲಿ ನೀನು ಆಡಿದ ಮಾತಿಗಾಗಿ. ನಿನ್ನ ಗರ್ಭಕೋಶದಲ್ಲಿ ಗಡ್ಡೆ ಇದೆ, ಆಪರೇಷನ್ ಆಗಬೇಕು ಎಂದು ಡಾಕ್ಟರಮ್ಮ ಹೇಳಿದ್ದರು. ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತ ಕೂತಿದ್ದವಳು ಬಸ್ಸು ಗಂಡಸಿ ದಾಟಿದ ಮೇಲೆ ಅಂದೆ.

“ಸ್ವಾಮಿನ ಕೇಳೋ ಯೋಗ್ಯತೆ ನನಗಿಲ್ಲ. ನೀನು ಹೇಳು ಶೇಷು. ನೀನು ಹೂಂ ಅಂದ್ರೆ ಮಲಗ್ತೀನಿ, ಬೇಡ ಅಂದ್ರೆ ಇಲ್ಲ. ನೀನು ಯಾವತ್ತೂ ನನಗೆ ಸುಳ್ಳು ಹೇಳಿದೋನಲ್ಲ.”

ಹೂಂ ಅನ್ನಬಹುದಿತ್ತು. ಎಷ್ಟು ಸುಲಭ. ನೀನು ಮರುಮಾತಿಲ್ಲದೆ ಹೋಗುತ್ತೀಯ, ಬಹುಶಃ ಬದುಕುತ್ತೀಯ. ಈ ಕಾಗದ ಕೊಟ್ಟರೆ ನೀನು ನನ್ನ ಮುಖ ನೋಡದೆ ಊರಿಗೆ ಹೊರಟು, ಗುಡಿಯಲ್ಲಿ ಕೂತು ಮತ್ತೆ ಹೂ ಕೇಳಿ, ಎಸಳು ಬೇಡ ಅಂದರೆ ಸುಮ್ಮನಿದ್ದುಬಿಡಬಹುದು. ಅಪ್ಪನ ಜಾಗದಲ್ಲಿರುವ ಚಿಕ್ಕಪ್ಪನ ಮಗ ಈಗ ಮತ್ತೆ ಹೂ ಕೇಳಿಕೊಡುತ್ತಾನೆ. ಹಾಗಾಗಿ ನಿನ್ನ ಒಳ್ಳೆಯದಕ್ಕೇ, ಆಪರೇಷನ್ ಮುಗಿಯುವವರೆಗಾದರೂ ಬಾಯಿ ಮುಚ್ಚಿಕೊಂಡಿರು ಎಂದು ಒಳಗಿನಿಂದ ಒಬ್ಬ ಹೇಳುತ್ತಲೇ ಇದ್ದಾನೆ. ಅವನ ದನಿ ನನಗೆ ಗುರುತಿದೆ. ಬಾವಿಕಟ್ಟೆಯಲ್ಲಿ ನೀರು ಹೊಯ್ದುಕೊಳ್ಳುವಾಗ ಮಾತಾಡಿದವನೂ ಅವನೇ, ಅವತ್ತೂ ಒಳ್ಳೆಯದಕ್ಕೇ ಅಂದಿದ್ದ.

ಆದ್ದರಿಂದ ಡಾಕ್ಟರಮ್ಮ ಹೇಳಿದ್ದನ್ನು ಕೂಡಿಸದೆ ಕಳೆಯದೆ ಬರೆಯುತ್ತೇನೆ. ಗಡ್ಡೆ ತೆಗೆಸಬೇಕು. ತಡ ಮಾಡಿದಷ್ಟೂ ಕಷ್ಟ. ತೆಗೆಸಿದರೂ ನೂರಕ್ಕೆ ನೂರು ಗುಣವಾಗುತ್ತದೆಂದು ಯಾರೂ ಹೇಳಲಾರರು. ನೀನು ತೆಗೆಸಿಕೊಳ್ಳಬೇಕು ಎನ್ನುವುದು ನನ್ನ ಆಸೆ — ನನ್ನ ಆಸೆಗೆ ಎಷ್ಟು ಬೆಲೆ ಕೊಡಬೇಕೆನ್ನುವುದು ಇಷ್ಟು ಓದಿದ ಮೇಲೆ ನಿನಗೆ ಗೊತ್ತು. ಭಾವ ಹೋದದ್ದು ನಿನ್ನ ನಂಬಿಕೆ ಸಾಲದೆ ಅಲ್ಲ. ನೀನು ಕೇಳಿದ್ದರಲ್ಲಿ ಐಬಿರಲಿಲ್ಲ. ಆ ಹೊಸಿಲಾಚೆ ನೀನು ನಿಂತದ್ದೆಲ್ಲ ನನ್ನ ಪಾಲಿನ ಶಿಕ್ಷೆ. ಆ ವರ್ಷಗಳನ್ನು ನಿನಗೆ ಹಿಂದಿರುಗಿಸುವ ದಾರಿ ನನಗೆ ಗೊತ್ತಿಲ್ಲ. ಕ್ಷಮಿಸು ಎಂದು ಬರೆದು ಹೊಡೆದುಹಾಕಿದ್ದೇನೆ, ಹೊಡೆದದ್ದು ಹಾಗೇ ಇರಲಿ.

ಬೆಳಿಗ್ಗೆ ನೀನು ಕಾಫಿ ತಂದಿಟ್ಟಾಗ ಈ ಹಾಳೆಗಳನ್ನು ನಿನ್ನ ಕೈಗೆ ಕೊಡುತ್ತೇನೆ. ಓದಿ ಮುಗಿಸುವವರೆಗೂ ಎದುರಿಗೇ ಕೂತಿರುತ್ತೇನೆ, ಎದ್ದು ಹೋಗುವುದಿಲ್ಲ. ಆಮೇಲೆ ನೀನು ಹಾಸನಕ್ಕೆ ಅಂದರೆ ಹಾಸನದ ಬಸ್ಸು ಹತ್ತಿಸುತ್ತೇನೆ, ಊರಿಗೆ ಅಂದರೆ ಊರಿನದು. ಡಾಕ್ಟರನ್ನು ನಂಬು, ದೇವರನ್ನು ನಂಬು, ನಿನ್ನನ್ನೇ ನಂಬು — ಯಾರನ್ನು ನಂಬಿಯಾದರೂ ಹೋಗು, ಅಕ್ಕ. ನನ್ನನ್ನು ನಂಬಿ ಹೋಗಬೇಡ.